ಕಾಗದ ಕಳಿಸಿದ್ದಕ್ಕೆ ಪುರಾವೆ ಬೇಕಾ? ಸ್ಪೀಡ್ ಪೋಸ್ಟ್, ಸೀಲ್, ಕೊರಿಯರ್, ವಾಟ್ಸಾಪ್: ಯಾವುದು ಯಾವಾಗ

ಬಾಡಿಗೆಯವರಿಗೆ ಮನೆ ಖಾಲಿ ಮಾಡಿ ಅಂತ ನೋಟಿಸ್. ಬೌನ್ಸ್ ಆದ ಚೆಕ್ಕಿಗೆ ನೋಟಿಸ್. ಪಕ್ಕದ ತೋಟದವರು ಬೇಲಿ ಸರಿಸಿದ್ದಕ್ಕೆ ತಹಶೀಲ್ದಾರರಿಗೆ ತಕರಾರು ಅರ್ಜಿ. ಬ್ಯಾಂಕಿಗೆ ದೂರು, ಕಂಪನಿಗೆ ರಾಜೀನಾಮೆ. ಇಂಥ ಕಾಗದವನ್ನು ಚೆನ್ನಾಗಿ ಬರೆಸುವುದಕ್ಕೆ ಜನ ದುಡ್ಡು, ಸಮಯ ಎರಡನ್ನೂ ಖರ್ಚು ಮಾಡುತ್ತಾರೆ. ಕಳಿಸುವ ಹೊತ್ತಿಗೆ ಮಾತ್ರ "ಯಾವುದರಲ್ಲಾದ್ರೂ ಹಾಕಿಬಿಡಿ" ಅನ್ನುತ್ತಾರೆ. ಆರು ತಿಂಗಳ ನಂತರ ಎದುರಿನವರು "ನಮಗೆ ಯಾವ ಕಾಗದವೂ ಬಂದಿಲ್ಲ" ಅಂದಾಗ ಪೇಚಾಟ ಶುರು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ನಮಗಿರುವ ದಾರಿಗಳು ಹೆಚ್ಚೇನಿಲ್ಲ. ಅಂಚೆ ಇದೆ, ಕೊರಿಯರ್ ಇದೆ, ಕೈಯಾರೆ ಕೊಟ್ಟು ಸೀಲ್ ಹಾಕಿಸುವುದಿದೆ, ಇಮೇಲ್ ಮತ್ತು ವಾಟ್ಸಾಪ್ ಇವೆ. ಇದರಲ್ಲಿ ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ನಾಳೆ ಎದುರಿನವರು ಏನಂತ ತಕರಾರು ತೆಗೆಯಬಹುದು ಅಂತ ಯೋಚಿಸಿ, ಆಗ ಉತ್ತರ ತಾನಾಗಿ ಬರುತ್ತದೆ.

"ನೀವು ಕಳಿಸೇ ಇಲ್ಲ" ಅನ್ನಬಹುದು. "ಕಳಿಸಿರಬಹುದು, ನಮ್ಮ ಕೈಗೆ ಸಿಕ್ಕಿಲ್ಲ" ಅನ್ನಬಹುದು. "ಸಿಕ್ಕಿತು, ಆದರೆ ಗಡುವು ಮುಗಿದ ಮೇಲೆ" ಅನ್ನಬಹುದು. ಇನ್ನೂ ಚಾಲಾಕಿಗಳಾದರೆ "ಕವರ್ ಬಂತು, ಒಳಗೆ ಖಾಲಿ ಹಾಳೆ ಇತ್ತು" ಅನ್ನುತ್ತಾರೆ. ಈ ನಾಲ್ಕಕ್ಕೂ ಒಂದೇ ರಸೀದಿ ಉತ್ತರವಾಗುವುದಿಲ್ಲ. ಅಂಚೆ ರಸೀದಿ ಹೇಳುವುದು ಇಂಥ ದಿನ ಇಂಥವರ ಹೆಸರಿಗೆ ಒಂದು ಕವರ್ ಹೋಯಿತು ಅಂತ, ಅಷ್ಟೇ. ಉಳಿದದ್ದನ್ನೆಲ್ಲ ನೀವೇ ಜೋಡಿಸಿಕೊಳ್ಳಬೇಕು.

ರಿಜಿಸ್ಟರ್ ಪೋಸ್ಟ್ ಎಲ್ಲಿ ಹೋಯಿತು?

ಈಗಲೂ ಕೌಂಟರಿನಲ್ಲಿ "ರಿಜಿಸ್ಟರ್ ಎಡಿ ಮಾಡಿ" ಅಂತ ಕೇಳುವವರಿದ್ದಾರೆ. ಎಡಿ ಅಂದರೆ ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ವಾಪಸ್ ಬರುತ್ತಿದ್ದ ಕಾರ್ಡು. ಕೆಲವು ಹಿರಿಯರು ಯುಪಿಸಿ ಕೂಡ ಕೇಳುತ್ತಾರೆ. ಸಾದಾ ಕಾಗದ ಹಾಕಿ, ಒಂದು ಚೀಟಿಯ ಮೇಲೆ ಅಂಚೆಯವರ ಮೊಹರು ಹೊಡೆಸಿಕೊಂಡು ಬರುತ್ತಿದ್ದರಲ್ಲ, ಅದು. ಯುಪಿಸಿಯನ್ನು ಅಂಚೆ ಇಲಾಖೆ 2011ರಲ್ಲೇ ನಿಲ್ಲಿಸಿತು. ಅದು ಇದ್ದಾಗಲೂ ಕೋರ್ಟುಗಳು ಅದನ್ನು ಪೂರ್ತಿ ನಂಬುತ್ತಿರಲಿಲ್ಲ, ಹಳೆಯ ತಾರೀಕಿನ ಮೊಹರು ಹೊಡೆಸಿಕೊಳ್ಳುವುದು ಕಷ್ಟವೇನಲ್ಲ ಅನ್ನುವ ಗುಮಾನಿ ಇತ್ತು.

ರಿಜಿಸ್ಟರ್ ಪೋಸ್ಟ್ ವಿಷಯ ಬೇರೆ. ದೇಶದೊಳಗಿನ ರಿಜಿಸ್ಟರ್ ಪೋಸ್ಟನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಸುವುದಾಗಿ ಇಲಾಖೆ ಪ್ರಕಟಿಸಿತು. ಅಕ್ಟೋಬರ್ 1ರಿಂದ ಹೊಸ ದರ ಬಂತು. ಈಗ ನೀವು ಮಾಡುವುದು ಸ್ಪೀಡ್ ಪೋಸ್ಟ್, ಅದರ ಮೇಲೆ ರಿಜಿಸ್ಟ್ರೇಷನ್ ಎಂಬ ಹೆಚ್ಚುವರಿ ಸೇವೆ. ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳದಿದ್ದರೆ ಬರೀ ಸ್ಪೀಡ್ ಪೋಸ್ಟ್ ಮಾಡಿ ಕೊಡುತ್ತಾರೆ, ಅವರ ತಪ್ಪಲ್ಲ.

ಆ 5 ರೂಪಾಯಿ ಏಕೆ ಬೇಕು ಅಂದರೆ, ಬರೀ ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಹೋಗುತ್ತದೆ, ರಿಜಿಸ್ಟ್ರೇಷನ್ ಮಾಡಿಸಿದ್ದು ವ್ಯಕ್ತಿಗೆ ಹೋಗುತ್ತದೆ. ಮೊದಲನೆಯದನ್ನು ಆ ಮನೆಯಲ್ಲಿದ್ದವರು ಯಾರಾದರೂ ತೆಗೆದುಕೊಳ್ಳಬಹುದು. ಎರಡನೆಯದನ್ನು ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡಬೇಕು. ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದು ಮನೆ ಗುಡ್ಡದ ಈ ಕಡೆ, ಇನ್ನೊಂದು ಆ ಕಡೆ. ಮಳೆಗಾಲದಲ್ಲಿ ಅಂಚೆಯಣ್ಣ ಸಂಕ ದಾಟಿ ಬರುವ ಬದಲು ಪೇಟೆಯ ಅಂಗಡಿಯಲ್ಲಿ ಸಿಕ್ಕ ನೆಂಟರ ಕೈಯಲ್ಲೋ ಹಾಲಿನ ಡೈರಿಗೆ ಬಂದ ಪಕ್ಕದ ಮನೆಯವರ ಕೈಯಲ್ಲೋ ಕಾಗದ ಕೊಟ್ಟು ಕಳಿಸುವುದು ಇಲ್ಲಿ ವಿಶ್ವಾಸದ ಮೇಲೆ ನಡೆದುಕೊಂಡು ಬಂದ ರೂಢಿ. ಮದುವೆ ಕಾಗದಕ್ಕೆ ಅದು ಒಳ್ಳೆಯದೇ. ನೋಟಿಸಿಗೆ ಮಾತ್ರ ಅದೇ ರೂಢಿ ಮುಳುವಾಗುತ್ತದೆ, "ಸಹಿ ನನ್ನದಲ್ಲ, ನನ್ನ ಮನೆಯವರದ್ದೂ ಅಲ್ಲ" ಅಂದುಬಿಟ್ಟರೆ ಮುಗೀತು.

ಇನ್ನೊಂದು ಕಾರಣ ಕಾನೂನಿನದ್ದು. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 27ನೇ ಕಲಮು ಬರೆದಿದ್ದೇ ರಿಜಿಸ್ಟರ್ ಪೋಸ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. ವಿಳಾಸ ಸರಿಯಾಗಿ ಬರೆದು, ಪೂರ್ತಿ ಹಣ ಕಟ್ಟಿ, ರಿಜಿಸ್ಟರ್ ಮಾಡಿ ಹಾಕಿದರೆ ಕಾಗದ ಸಾಮಾನ್ಯವಾಗಿ ತಲುಪುವ ಹೊತ್ತಿಗೆ ತಲುಪಿದೆ ಅಂತಲೇ ಕಾನೂನು ಹಿಡಿಯುತ್ತದೆ. ತಲುಪಿಲ್ಲ ಅನ್ನುವವರು ಅದನ್ನು ತೋರಿಸಬೇಕು. ಅಂದರೆ ಭಾರ ಅವರ ತಲೆಗೆ ಹೋಗುತ್ತದೆ. ಇಂಥ ಅನುಕೂಲವನ್ನು 5 ರೂಪಾಯಿ ಉಳಿಸಲು ಬಿಡುವುದು ಯಾಕೆ?

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಕ್ಟೋಬರ್ 2025ರ ದರದಂತೆ 50 ಗ್ರಾಂ ಒಳಗಿನ ಕಾಗದಕ್ಕೆ ಅದೇ ಊರೊಳಗೆ 19 ರೂಪಾಯಿ, ಹೊರಗೆ ದೇಶದಲ್ಲಿ ಎಲ್ಲಿಗಾದರೂ 47 ರೂಪಾಯಿ. ಸಾಗರದಿಂದ ಬೆಂಗಳೂರಿಗೆ ಅಂದರೆ 47, ರಿಜಿಸ್ಟ್ರೇಷನ್ನಿಗೆ 5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಎಲ್ಲ ಸೇರಿ 61 ರೂಪಾಯಿ ಚಿಲ್ಲರೆ. ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ, ಹಾಗಾಗಿ ಏಳೆಂಟು ಹಾಳೆಯ ನೋಟಿಸ್ ಕವರ್ ಸಮೇತ 50 ಗ್ರಾಂ ಒಳಗೇ ಬರುತ್ತದೆ.

ತಲುಪಿದ್ದಕ್ಕೆ ಪುರಾವೆ: ಪಿಒಡಿ ಬೇಕು, ಒಟಿಪಿ ಬೇಡ

ಮೊದಲಿನ ಎಡಿ ಕಾರ್ಡಿನ ಜಾಗದಲ್ಲಿ ಈಗ ಪ್ರೂಫ್ ಆಫ್ ಡೆಲಿವರಿ, ಬಾಯಿಮಾತಲ್ಲಿ ಪಿಒಡಿ. ಬುಕ್ ಮಾಡುವಾಗಲೇ ಕೇಳಿ ಮಾಡಿಸಿ. ಸಹಿ ಇರುವ ಕಾಗದ ಕೈಯಲ್ಲಿದ್ದರೆ ಜಡ್ಜ್ ಮುಂದೆ ಮಾತು ಕಡಿಮೆ ಸಾಕಾಗುತ್ತದೆ.

ಒಟಿಪಿ ಡೆಲಿವರಿ ಅಂತ ಇನ್ನೊಂದು ಹೊಸ ಸೌಲಭ್ಯ ಇದೆ, ಅದಕ್ಕೂ 5 ರೂಪಾಯಿ ಮತ್ತು ಜಿಎಸ್‌ಟಿ. ಪಡೆಯುವವರ ಮೊಬೈಲಿಗೆ ಬಂದ ಒಟಿಪಿ ಹೇಳಿದರೆ ಮಾತ್ರ ಕವರ್ ಕೊಡುತ್ತಾರೆ. ಕೇಳಲು ಭಾರೀ ಭದ್ರ ಅನ್ನಿಸುತ್ತದೆ. ಮಗಳ ಅಂಕಪಟ್ಟಿಯನ್ನು ಹಾಸ್ಟೆಲ್ಲಿಗೆ ಕಳಿಸುವಾಗ, ಜಾಗದ ಮೂಲಪತ್ರ ಅಣ್ಣನಿಗೆ ಕಳಿಸುವಾಗ ಖಂಡಿತ ಮಾಡಿಸಿ. ನೋಟಿಸಿಗೆ ಮಾತ್ರ ಬೇಡ ಅನ್ನುತ್ತೇನೆ. ಕಾಗದ ತಪ್ಪಿಸಿಕೊಳ್ಳಬೇಕು ಅಂತಿರುವವರು ಒಟಿಪಿ ಹೇಳುತ್ತಾರಾ? "ಮೆಸೇಜ್ ಬಂದಿಲ್ಲ" ಅಂದರೆ ಆಯಿತು. ಆಗುಂಬೆ, ಹೊಸನಗರ ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅಂಗಳ ದಾಟಿ ದಿಬ್ಬ ಹತ್ತಬೇಕು, ಹಾಗಾಗಿ ಅವರ ಮಾತು ಸುಳ್ಳು ಅಂತ ಸಾಧಿಸುವುದೂ ಕಷ್ಟ.

ಟ್ರ್ಯಾಕಿಂಗ್ ಬಗ್ಗೆ ಒಂದು ಎಚ್ಚರಿಕೆ. ರಸೀದಿಯಲ್ಲಿ 13 ಅಕ್ಷರದ ನಂಬರ್ ಇರುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ಐಎನ್. ಆ ಒಂಬತ್ತರಲ್ಲಿ ಕೊನೆಯದು ಉಳಿದ ಎಂಟನ್ನು ತಾಳೆ ನೋಡುವ ಅಂಕಿ, ಅದಕ್ಕೇ ನಂಬರ್ ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಅಂಚೆ ಇಲಾಖೆಯ ಸೈಟಿನಲ್ಲಿ ಈ ನಂಬರಿಗೆ ಸಿಗುವ ವಿವರ ಶಾಶ್ವತ ಅಲ್ಲ. ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಹುಡುಕಿದರೆ ಏನೂ ಸಿಗದಿರಬಹುದು. "ಡೆಲಿವರ್ಡ್" ಅಂತ ಬಂದ ದಿನವೇ ಆ ಪುಟವನ್ನು ಪ್ರಿಂಟ್ ತೆಗೆದಿಡಿ, ಪುಟದ ಅಂಚಿನಲ್ಲಿ ತಾರೀಕು ಬೀಳುವ ಹಾಗೆ. ಅನುಮಾನ ಇದ್ದರೆ ಆ ಅಂಚೆ ಕಚೇರಿಗೆ ಬರಹದಲ್ಲಿ ಕೇಳಿ, ಯಾವಾಗ ಯಾರಿಗೆ ಕೊಟ್ಟಿರಿ ಅಂತ. ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಅಂಚೆ ಇಲಾಖೆಗೂ ಆರ್‌ಟಿಐ ಅನ್ವಯಿಸುತ್ತದೆ. ಇದನ್ನೆಲ್ಲ ಬೇಗ ಮಾಡಬೇಕು, ವರ್ಷ ಕಳೆದ ಮೇಲೆ ಅಲ್ಲ.

ವಾಪಸ್ ಬಂದ ಕವರ್

ಕಾಗದ ವಾಪಸ್ ಬಂತು ಅಂದ ಕೂಡಲೇ ಜನ ಬೇಜಾರಾಗುತ್ತಾರೆ. ಬೇಜಾರಾಗುವ ಮೊದಲು ಕವರಿನ ಮೇಲೆ ಏನು ಬರೆದಿದೆ ನೋಡಿ. ಹಿಂಭಾಗದಲ್ಲಿ ಬಾಲ್ ಪೆನ್ನಿನಲ್ಲಿ ಗೀಚಿದ "ಡೋರ್ ಲಾಕ್", ಪಕ್ಕದಲ್ಲಿ ತಾರೀಕು, ಕೆಳಗೆ ಮತ್ತೊಂದು ತಾರೀಕು, "ಇಂಟಿಮೇಷನ್ ಗಿವನ್", ಕೊನೆಗೆ "ಅನ್‌ಕ್ಲೇಮ್ಡ್", ಪೋಸ್ಟ್‌ಮ್ಯಾನ್ ಸಣ್ಣ ಸಹಿ, ಅರ್ಧ ಮೂಡಿದ ಗುಂಡು ಮೊಹರು. ನೋಡಲು ಗಲೀಜು, ಆದರೆ ಈ ಗೀಚಿದ ಸಾಲುಗಳಿಗೆ ಬಹಳ ಬೆಲೆ ಇದೆ.

"ರೆಫ್ಯೂಸ್ಡ್" ಅಂತಿದ್ದರೆ ಕಾಗದ ಕೊಡಲು ಹೋದರು, ಅವರು ಬೇಡ ಅಂದರು ಅಂತ ಅರ್ಥ. ಕೋರ್ಟ್ ಅದನ್ನು ತಲುಪಿದ ಹಾಗೆಯೇ ನೋಡುತ್ತದೆ. ಮನೆಗೆ ಬೀಗ ಇತ್ತು, ಚೀಟಿ ಬಿಟ್ಟು ಬಂದರು, ಅಂಚೆ ಕಚೇರಿಗೆ ಬಂದು ತೆಗೆದುಕೊಳ್ಳಲಿಲ್ಲ ಅನ್ನುವುದೂ ಬಹುತೇಕ ನಿಮ್ಮ ಪರವೇ. ಚೆಕ್ ಬೌನ್ಸ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ ಮೇಲೆ "ನೋಟಿಸ್ ಸಿಕ್ಕಿಲ್ಲ" ಅನ್ನುವವರು ಕೋರ್ಟಿನ ಸಮನ್ಸ್ ಬಂದ 15 ದಿನದಲ್ಲಿ ಹಣ ಕಟ್ಟಿಬಿಡಬಹುದಿತ್ತಲ್ಲ, ಕಟ್ಟಲಿಲ್ಲ ಅಂದರೆ ನೋಟಿಸ್ ಸಿಕ್ಕಿಲ್ಲ ಅನ್ನುವ ನೆಪ ಹೇಳಬಾರದು ಅನ್ನುವುದು ಅದರ ತಿರುಳು.

ಆದರೆ "ಇನ್‌ಸಫಿಷಿಯೆಂಟ್ ಅಡ್ರೆಸ್", "ನೋ ಸಚ್ ಪರ್ಸನ್", "ಅಡ್ರೆಸಿ ಲೆಫ್ಟ್" ಅಂತ ಬಂದರೆ ನಿಮಗೇ ಹೊಡೆತ. ಸರಿಯಾದ ವಿಳಾಸ ಹುಡುಕಿ ಮತ್ತೆ ಕಳಿಸಿ, ಗಡುವು ಮುಗಿಯುವ ಮೊದಲು.

ಒಂದು ಮಾತು ನೆನಪಿಡಿ. ವಾಪಸ್ ಬಂದ ಕವರನ್ನು ಒಡೆಯಬೇಡಿ. ಒಳಗೆ ಏನಿದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ. ಅಂಟು ಬಿಚ್ಚದ ಕವರನ್ನು ಹಾಗೆಯೇ ವಕೀಲರಿಗೆ ಕೊಟ್ಟರೆ ಕೋರ್ಟಿನಲ್ಲೇ ಒಡೆಸಬಹುದು. ಆಗ "ಖಾಲಿ ಹಾಳೆ ಇತ್ತು" ಅನ್ನುವ ಮಾತಿಗೆ ಜಾಗವೇ ಇರುವುದಿಲ್ಲ. ಹಾಗೆ ನೋಡಿದರೆ ತಲುಪಿದ ಕಾಗದಕ್ಕಿಂತ ವಾಪಸ್ ಬಂದ ಕಾಗದವೇ ಗಟ್ಟಿ ಸಾಕ್ಷಿ.

ಕವರಿನ ಒಳಗೆ ಏನಿತ್ತು?

ಇದಕ್ಕೆ ಯಾವ ಅಂಚೆ ಸೇವೆಯೂ ಉತ್ತರ ಕೊಡುವುದಿಲ್ಲ. ನಮ್ಮ ನಮ್ಮ ಜಾಣತನವೇ ಗತಿ.

ಮೊದಲು, ಕಾಗದದ ಪ್ರತಿ ಇಟ್ಟುಕೊಳ್ಳಿ. ಸಹಿ ಹಾಕಿದ ಮೇಲಿನ ಪ್ರತಿ, ಕಂಪ್ಯೂಟರಿನಲ್ಲಿರುವ ಫೈಲ್ ಅಲ್ಲ. ಎರಡು ಪ್ರಿಂಟ್ ತೆಗೆದು ಎರಡಕ್ಕೂ ಸಹಿ ಹಾಕಿ ಒಂದನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬುಕ್ ಮಾಡಿ ಬಂದ ಮೇಲೆ ನಿಮ್ಮ ಪ್ರತಿಯ ತಲೆಯ ಮೇಲೆ ಆ 13 ಅಕ್ಷರದ ನಂಬರ್, ತಾರೀಕು ಬರೆದು, ರಸೀದಿಯ ಜೆರಾಕ್ಸ್ ಪಿನ್ ಮಾಡಿ.

ಕವರಿನ ಮೇಲೆಯೇ ವಿಷಯ ಬರೆಯುವುದು ಹಳೆಯ ವಕೀಲರ ಪದ್ಧತಿ. "ಇಂಥ ತಾರೀಕಿನ ಬಾಡಿಗೆ ನೋಟಿಸ್, 3 ಪುಟ" ಅಂತ ಎಡಮೂಲೆಯಲ್ಲಿ ಬರೆದು, ಅಂಟಿಸಿ, ಬುಕ್ ಮಾಡಿದ ಬಾರ್‌ಕೋಡ್ ಅಂಟಿದ ಮೇಲೆ ಕೌಂಟರಿನಲ್ಲೇ ಒಂದು ಫೋಟೊ ತೆಗೆದುಕೊಳ್ಳಿ. ಬಾರ್‌ಕೋಡ್ ನಂಬರ್, ವಿಳಾಸ, ವಿಷಯ ಮೂರೂ ಒಂದೇ ಚಿತ್ರದಲ್ಲಿ ಬಂದವು. ಆದರೆ ಮನೆಮರ್ಯಾದೆಯ ವಿಷಯವಾದರೆ ಕವರಿನ ಮೇಲೆ ಬರೆಯಬೇಡಿ. ಊರಿಗೆ ಊರೇ ಓದುತ್ತದೆ.

ತೂಕ ಕೂಡ ಸಾಕ್ಷಿ ಹೇಳುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ರಸೀದಿಯಲ್ಲಿ ಗ್ರಾಂ ಲೆಕ್ಕ ಇರುತ್ತದೆ. ಸರಿಯಾಗಿ ತೂಗಿ 40 ಗ್ರಾಂ ಅಂತ ಬರೆದಿದ್ದರೆ, ಒಳಗೆ ಒಂದೇ ಹಾಳೆ ಇತ್ತು ಅನ್ನುವವರ ಮಾತು ನಿಲ್ಲುವುದಿಲ್ಲ. ಅದಕ್ಕೆ ಕೌಂಟರಿನವರು ತೂಕದ ಜಾಗದಲ್ಲಿ ಅಂದಾಜಿಗೆ ಏನೋ ಒತ್ತಿದರೆ "ಸ್ವಲ್ಪ ತೂಗಿಬಿಡಿ ಸರ್" ಅನ್ನಿ.

ಕಾಗದ ಒಂದೇ ಹಾಳೆಯದಾಗಿ ತೂಕ ಸಾಕ್ಷಿ ಹೇಳದಿದ್ದರೆ, ಸರಳ ದಾರಿ ಅಂದರೆ ವಕೀಲರ ಮೂಲಕ ಕಳಿಸುವುದು. ಅವರ ಕಚೇರಿಯ ಪ್ರತಿ, ಅವರ ಲೆಟರ್‌ಹೆಡ್, ಅವರ ಗುಮಾಸ್ತರು ಪೋಸ್ಟ್ ಮಾಡಿದ್ದು. ನಾಳೆ ಸಾಕ್ಷಿ ಬೇಕಾದರೆ ಹೇಳಲು ಒಬ್ಬರು ಇರುತ್ತಾರೆ. ನೀವೇ ಕಳಿಸುವುದಾದರೂ ಅಷ್ಟೇ, ಯಾರು ಪೋಸ್ಟ್ ಆಫೀಸಿಗೆ ಹೋದರು ಅಂತ ಗೊತ್ತಿರಲಿ. ಪೇಟೆಗೆ ಹೊರಟ ಆಟೋದವರ ಕೈಯಲ್ಲಿ ಕೊಟ್ಟು ಕಳಿಸಬೇಡಿ.

ಕೌಂಟರ್ ಬಿಡುವ ಮೊದಲು ರಸೀದಿಯನ್ನು ಪೂರ್ತಿ ಓದಿ. ವಿಳಾಸದಾರರ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಮಂಜಪ್ಪ ಮಂಜು ಆಗಿರುತ್ತಾರೆ, ಪಿನ್ ಕೋಡ್ ಅದಲು ಬದಲಾಗಿರುತ್ತದೆ. ಹಿಂದೆ ಸಾಲು ಇದ್ದರೂ ಪರವಾಗಿಲ್ಲ, ಅಲ್ಲೇ ಸರಿಮಾಡಿಸಿ. ಗಂಡ ಹೆಂಡತಿ ಇಬ್ಬರಿಗೂ ನೋಟಿಸ್ ಇದ್ದರೆ ಎರಡು ಕವರ್. ಪಾಲುದಾರರು ಮೂವರಿದ್ದರೆ ಮೂರು.

ವಿಳಾಸ, ಅದರಲ್ಲೂ ಮಲೆನಾಡಿನ ವಿಳಾಸ

ನಮ್ಮ ಕಡೆ ಮನೆಗೆ ನಂಬರ್ ಕಡಿಮೆ, ಹೆಸರು ಜಾಸ್ತಿ. ತಂದೆಯ ಹೆಸರು, ಮನೆ ಹೆಸರು, ಊರು, ಅಂಚೆ, ಹೋಬಳಿ, ತಾಲೂಕು, ಇಷ್ಟೂ ಬರೆಯಿರಿ. ಹೊಸೂರು, ಹೊಸಳ್ಳಿ ಅನ್ನುವ ಊರುಗಳು ಒಂದೆರಡಲ್ಲ. ಊರು ಒಂದಾದರೆ ಅಂಚೆ ಇನ್ನೊಂದು ಊರಿನದಿರುತ್ತದೆ. ಪಿನ್ ಅಂತೂ, ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲೇ ಇದ್ದರೂ 577201 ಹಾಕುವವರಿದ್ದಾರೆ. ಸಾಗರಕ್ಕೆ 577401, ತೀರ್ಥಹಳ್ಳಿಗೆ 577432, ಭದ್ರಾವತಿಗೆ 577301. ಕುವೆಂಪು ವಿಶ್ವವಿದ್ಯಾಲಯಕ್ಕೆ ಅರ್ಜಿ ಕಳಿಸುವ ಮಕ್ಕಳು ಗಮನಿಸಿ, ಅದು ಇರುವುದು ಶಂಕರಘಟ್ಟದಲ್ಲಿ, ಪಿನ್ 577451. ತಪ್ಪು ಪಿನ್ ಹಾಕಿದ ಕಾಗದ ತಲುಪುವುದು ತಲುಪುತ್ತದೆ, ಸುತ್ತಿ ಬಳಸಿ. ಆದರೆ "ಸರಿಯಾದ ವಿಳಾಸ" ಅನ್ನುವ ಕಾನೂನಿನ ಮಾತಿಗೆ ಅಲ್ಲೇ ಕೊಕ್ಕೆ ಬೀಳುತ್ತದೆ.

ವಿಳಾಸವನ್ನು ಅವರೇ ಬರೆದುಕೊಟ್ಟ ಕಡೆಯಿಂದ ಎತ್ತಿಕೊಳ್ಳಿ: ಬಾಡಿಗೆ ಕರಾರು, ಸಾಲದ ಕಾಗದ, ಹಳೆಯ ಪತ್ರ. ಎರಡು ವಿಳಾಸ ಇದ್ದರೆ ಎರಡಕ್ಕೂ ಕಳಿಸಿ.

ಗಡುವಿನ ಕೊನೆಯ ದಿನ ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು ನೆಚ್ಚಿಕೊಳ್ಳಬೇಡಿ. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟಿಲ್ಲ, ನೆಟ್ ಇಲ್ಲ, "ನಾಳೆ ಬನ್ನಿ" ಅಂದರೆ ನಿಮಗೆ ನಾಳೆ ಇರುವುದಿಲ್ಲ. ತಾಲೂಕು ಕೇಂದ್ರಕ್ಕೋ ಶಿವಮೊಗ್ಗದ ಹೆಡ್ ಪೋಸ್ಟ್ ಆಫೀಸಿಗೋ ಹೋಗಿ.

ಕೈಯಾರೆ ಕೊಟ್ಟು ಸೀಲ್

ಸರ್ಕಾರಿ ಕಚೇರಿ, ಬ್ಯಾಂಕ್, ಸೊಸೈಟಿ ಇವಕ್ಕೆ ನನ್ನ ಮೊದಲ ಆಯ್ಕೆ ಇದೇ. ಖರ್ಚಿಲ್ಲ. ಎರಡು ಪ್ರತಿ ಒಯ್ಯಿರಿ, ಒಂದನ್ನು ಟಪಾಲು ವಿಭಾಗದಲ್ಲಿ ಕೊಡಿ, ಇನ್ನೊಂದರ ಮೇಲೆ ಸೀಲ್, ಸಹಿ, ತಾರೀಕು ಹಾಕಿಸಿಕೊಳ್ಳಿ. ಈ ಪ್ರತಿ ನಾಲ್ಕು ತಕರಾರಿಗೂ ಒಟ್ಟಿಗೆ ಉತ್ತರ: ಕೊಟ್ಟಿದ್ದು, ತಲುಪಿದ್ದು, ತಾರೀಕು, ಒಳಗಿನ ವಿಷಯ. ಅಂಚೆಯಿಂದ ಇದು ಸಾಧ್ಯವಿಲ್ಲ.

ಆದರೆ ಸೀಲ್ ಹಾಕಿಸುವುದೇ ಒಂದು ಕಲೆ. ಬರೀ ಸೀಲ್ ಇದ್ದು ಸಹಿ ಇಲ್ಲದಿದ್ದರೆ ಅರ್ಧ ಪುರಾವೆ. ಸೀಲಿನೊಳಗೆ ತಾರೀಕು ಇಲ್ಲದಿದ್ದರೆ ಪೆನ್ನಿನಲ್ಲಿ ಬರೆಸಿ. ಇನ್ವರ್ಡ್ ನಂಬರ್ ಅಥವಾ ಸ್ವೀಕೃತಿ ಸಂಖ್ಯೆ ಕೇಳಿ, ಕಾಗದ ರಿಜಿಸ್ಟರಿನಲ್ಲಿ ಏರಿದ್ದಕ್ಕೆ ಅದೇ ಗುರುತು. ಲಗತ್ತು ಇದ್ದರೆ ಅರ್ಜಿಯ ಕೊನೆಯಲ್ಲಿ ಪಟ್ಟಿ ಮಾಡಿ, ಎಷ್ಟು ಪುಟ ಅಂತ ನಮೂದಿಸಿ. ಸರ್ಕಾರದ ಸಕಾಲ ಯೋಜನೆಯಡಿ ಬರುವ ಸೇವೆಯಾದರೆ ಸಕಾಲದ ಸ್ವೀಕೃತಿಯನ್ನೇ ಕೇಳಿ ಪಡೆಯಿರಿ, ದಿನದ ಲೆಕ್ಕ ಅದರ ಮೇಲೆ ನಡೆಯುತ್ತದೆ.

"ಸಾಹೇಬರಿಲ್ಲ, ನಾಳೆ ಬನ್ನಿ", "ಕೊಟ್ಟು ಹೋಗಿ, ಸೀಲ್ ಯಾಕೆ" ಅನ್ನುವ ಕಡೆ ಜಗಳಕ್ಕೆ ನಿಲ್ಲಬೇಡಿ. ಹೊರಗೆ ಬಂದು ಅದೇ ಕಾಗದವನ್ನು ರಿಜಿಸ್ಟ್ರೇಷನ್ ಮಾಡಿಸಿ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಸಾಗರದ ಕಡೆಯ ಕೃಷಿಕರೊಬ್ಬರು ಯಾವ ಕಚೇರಿಗೆ ಹೋದರೂ ವಿಳಾಸ ಬರೆದ ಕವರನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಕವರ್ ಹೊರಗೆ ತೆಗೆದ ಕೂಡಲೇ ಸೀಲ್ ಸಿಕ್ಕಿದ್ದೂ ಇದೆಯಂತೆ.

ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಮಿನ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಆ ಎರಡು ತಿಂಗಳು ಶುರುವಾಗುವುದು ಕಚೇರಿಗೆ ಮುಟ್ಟಿದ ದಿನದಿಂದ. ಆರ್‌ಟಿಐಗೂ ಹಾಗೆಯೇ, ಅರ್ಜಿ ಮುಟ್ಟಿದ ದಿನದಿಂದ 30 ದಿನ. ಇಂಥ ಕಡೆ ಕಳಿಸಿದ ರಸೀದಿಗಿಂತ ತಲುಪಿದ ಸೀಲಿಗೆ ಬೆಲೆ ಜಾಸ್ತಿ. ಆರ್‌ಟಿಐ ಅರ್ಜಿಯಲ್ಲಿ ಶುಲ್ಕಕ್ಕೆ ಇಟ್ಟ ಪೋಸ್ಟಲ್ ಆರ್ಡರಿನ ನಂಬರನ್ನೂ ಬರೆದುಬಿಡಿ, "ಶುಲ್ಕ ಇರಲಿಲ್ಲ" ಅನ್ನುವ ಉತ್ತರಕ್ಕೆ ಆಮೇಲೆ ಅವಕಾಶ ಇರುವುದಿಲ್ಲ.

ಖಾಸಗಿ ವ್ಯಕ್ತಿಗಳಿಗೆ ಕೈಯಾರೆ ಕೊಡುವುದು ಮಾತ್ರ ಬಿಸಿಬಿಸಿ ವಿಷಯ. ಸಹಿ ಹಾಕುವವರು ಹಾಕುತ್ತಾರೆ, ಹಾಕದವರು ಮೈಮೇಲೆ ಬರುತ್ತಾರೆ. ಬಾಡಿಗೆ ನೋಟಿಸಿಗೆ ಕಾನೂನು ಒಳ್ಳೆಯ ದಾರಿ ಇಟ್ಟಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಅಂಚೆಯಲ್ಲಿ ಕಳಿಸಬಹುದು, ಕೈಯಾರೆ ಕೊಡಬಹುದು, ಮನೆಯಲ್ಲಿ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು, ಇವು ಆಗದಿದ್ದರೆ ಆ ಜಾಗದ ಎದ್ದು ಕಾಣುವ ಕಡೆ ಅಂಟಿಸಬಹುದು. ಅಂಟಿಸಿದರೆ ಇಬ್ಬರು ಸಾಕ್ಷಿ ಇರಲಿ, ಫೋಟೊ ಇರಲಿ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಬೇಕು.

ಕೊರಿಯರ್

ಚಿಕ್ಕದಾಗಿ ಹೇಳುತ್ತೇನೆ. ಶಿವಮೊಗ್ಗ ಪೇಟೆಯೊಳಗೆ ಅಥವಾ ಬೆಂಗಳೂರಿನ ಆಫೀಸಿಗೆ ಬೇಗ ಮುಟ್ಟಬೇಕಾದರೆ ಕೊರಿಯರ್ ಸರಿ. ಹಳ್ಳಿಗೆ ಬೇಡ. ಅವರು ಮನೆಗೆ ಬರುವುದಿಲ್ಲ, ಫೋನ್ ಮಾಡಿ "ನಿಮ್ಮದೊಂದು ಕವರ್ ಇದೆ, ಪೇಟೆಗೆ ಬಂದಾಗ ತಗೊಳ್ಳಿ" ಅನ್ನುತ್ತಾರೆ. ನೋಟಿಸ್ ಬರಬಹುದು ಅಂತ ಗೊತ್ತಿರುವವರು ಯಾಕೆ ಹೋಗುತ್ತಾರೆ? ಸಿಪಿಸಿಯಲ್ಲಿ ಕೋರ್ಟಿನ ಸಮನ್ಸಿಗೆ ಹೈಕೋರ್ಟ್ ಒಪ್ಪಿದ ಕೊರಿಯರ್ ಬಳಸಲು ಅವಕಾಶ ಇದೆ, ನಿಜ. ಆದರೆ ಮೇಲೆ ಹೇಳಿದ 27ನೇ ಕಲಮಿನ ಅನುಕೂಲ ಅಂಚೆಗೆ ಮಾತ್ರ. ಕೊರಿಯರಿನಲ್ಲಿ ಕಳಿಸಿದರೆ ತಲುಪಿಸಿದ್ದನ್ನು ನೀವೇ ಸಾಧಿಸಬೇಕು.

ಇಮೇಲ್, ವಾಟ್ಸಾಪ್

ಇವೆರಡನ್ನೂ ಜೊತೆಗೆ ಬಳಸಿ, ಇವನ್ನೇ ನಂಬಿ ಕೂರಬೇಡಿ. ಸಹಿ ಮಾಡಿದ ಕಾಗದದ ಪಿಡಿಎಫ್ ಅನ್ನು ಇಮೇಲಿನಲ್ಲಿ ಕಳಿಸಿದರೆ ಒಳಗೆ ಏನಿತ್ತು ಅನ್ನುವುದಕ್ಕೆ ಒಳ್ಳೆಯ ಪುರಾವೆ, ಅಂಚೆಗೆ ಇಲ್ಲದ ಗುಣ ಇದು. ಅಂಚೆ ರಸೀದಿಯ ಚಿತ್ರವನ್ನೂ ಅದರಲ್ಲೇ ಲಗತ್ತಿಸಿ, "ಇದೇ ಕಾಗದವನ್ನು ಇಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ" ಅಂತ ನಂಬರ್ ಬರೆಯಿರಿ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ.

ವಾಟ್ಸಾಪಿನಲ್ಲಿ ನೀಲಿ ಟಿಕ್ ಬಂದರೆ ಜನ ಕುಣಿಯುತ್ತಾರೆ. 2018ರಲ್ಲಿ ಬಾಂಬೆ ಹೈಕೋರ್ಟ್ ವಾಟ್ಸಾಪಿನಲ್ಲಿ ಕಳಿಸಿದ ನೋಟಿಸ್ ಪಿಡಿಎಫನ್ನು ತೆರೆದು ನೋಡಿದ್ದನ್ನು ಒಪ್ಪಿದ್ದೂ ಇದೆ. ಆದರೆ ನೀಲಿ ಟಿಕ್ ಬಾರದ ಹಾಗೆ ಸೆಟ್ಟಿಂಗ್ ಮಾಡಿಕೊಳ್ಳುವುದು ಈಗ ಎಲ್ಲರಿಗೂ ಗೊತ್ತು, ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗೂ ಇದೆ. ಪೊಲೀಸರು ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿಗೆ ಇವನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರವೂ ಬೇಕು, ಬರೀ ಸ್ಕ್ರೀನ್‌ಶಾಟ್ ಸಾಲದು. ಆದ್ದರಿಂದ ಫೋನ್ ಬದಲಾಯಿಸುವ ಮೊದಲು ಯೋಚಿಸಿ, ಮೂಲ ಚಾಟ್ ಉಳಿಸಿಕೊಳ್ಳಿ.

ಯಾರಿಗೆ ಯಾವುದು

ಚೆಕ್ ಬೌನ್ಸ್ ಆದರೆ ಯೋಚನೆ ಮಾಡುತ್ತಾ ಕೂರಬೇಡಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ತಲುಪಿದ ಮೇಲೆ ಅವರಿಗೆ 15 ದಿನ. ವಕೀಲರ ಮೂಲಕ, ರಿಜಿಸ್ಟ್ರೇಷನ್ ಮತ್ತು ಪಿಒಡಿ ಎರಡೂ ಮಾಡಿಸಿ, ಗೊತ್ತಿರುವ ಎಲ್ಲ ವಿಳಾಸಕ್ಕೆ. ಬಾಡಿಗೆಗೂ ಇದೇ, ಜೊತೆಗೆ ವಾಟ್ಸಾಪ್.

ಬ್ಯಾಂಕಿನ ಮೇಲಿನ ದೂರಿಗೆ ಶಾಖೆಯ ಸೀಲ್ ಅಥವಾ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಸಾಕು. ಆದರೆ ತಾರೀಕು ಇರಲೇಬೇಕು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಮಾತ್ರ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಬಳಿ ಹೋಗಲು ಸಾಧ್ಯ, ಮೊದಲು ಬ್ಯಾಂಕಿಗೆ ದೂರು ಕೊಟ್ಟಿದ್ದನ್ನು ಅಲ್ಲಿ ತೋರಿಸಬೇಕು. ರಾಜೀನಾಮೆಗೆ ಇಮೇಲ್ ಮೊದಲು, ಎಚ್‌ಆರ್ ಉತ್ತರಿಸದಿದ್ದರೆ ಮಾತ್ರ ಅಂಚೆ.

ನೌಕರಿ ಅರ್ಜಿ, ಪರೀಕ್ಷೆ ಅರ್ಜಿಯಲ್ಲಿ "ಕೊನೆಯ ದಿನದೊಳಗೆ ತಲುಪಬೇಕು" ಅಂತಿದ್ದರೆ ಕಳಿಸಿದ ರಸೀದಿ ಹಿಡಿದುಕೊಂಡು ವಾದ ಮಾಡಿ ಪ್ರಯೋಜನ ಇಲ್ಲ. ಆಷಾಢದ ಮಳೆಯಲ್ಲಿ ಘಟ್ಟದ ರಸ್ತೆ ಬಂದ್ ಆಗಬಹುದು ಅಂತ ಲೆಕ್ಕ ಹಾಕಿ ಒಂದು ವಾರ ಮೊದಲೇ ಹಾಕಿ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಸರ್ಟಿಫೈಡ್ ಮೇಲ್ ಅನ್ನುವ ಮಾತು ಬರುತ್ತಿರುತ್ತದೆ. ಅದು ಅಲ್ಲಿನ ಅಂಚೆಯ ದೇಶದೊಳಗಿನ ಸೇವೆ. ಕಳಿಸಿದ್ದಕ್ಕೆ ಮೊಹರು ಬಿದ್ದ ರಸೀದಿ, ಬೇರೆ ಹಣ ಕಟ್ಟಿ ಕೇಳಿದರೆ ತಲುಪಿದ್ದಕ್ಕೆ ಸಹಿ ಮಾಡಿದ ಹಸಿರು ಕಾರ್ಡ್ ಬರುತ್ತದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅದು ನಡೆಯುವುದಿಲ್ಲ. ಅಲ್ಲಿನ ಮನೆ ಮಾಲೀಕರಿಗೋ ಕಾಲೇಜಿಗೋ ನೋಟಿಸ್ ಕೊಡಬೇಕಾದರೆ ಮಗನೇ ಅಲ್ಲಿಂದ ಹಾಕಲಿ. ಇಲ್ಲಿಂದಲೇ ಆಗಬೇಕೆಂದರೆ ಅಂತಾರಾಷ್ಟ್ರೀಯ ಸ್ಪೀಡ್ ಪೋಸ್ಟ್ ಇದೆ.

ಇನ್ನು ರಸೀದಿ. ಬಹಳ ಕಡೆ ಕೊಡುವುದು ಥರ್ಮಲ್ ಕಾಗದ, ಬಿಸಿಲು ತಾಗಿದರೆ, ಪ್ಲಾಸ್ಟಿಕ್ ಕವರಿನೊಳಗಿಟ್ಟರೆ, ಸುಮ್ನೆ ಬಿಟ್ಟರೂ ಅಕ್ಷರ ಮಾಸಿಹೋಗುತ್ತದೆ. ನಮ್ಮ ಕಡೆಯ ತೇವಕ್ಕೆ ಕಪಾಟಿನಲ್ಲಿಟ್ಟ ಕಾಗದಕ್ಕೆ ಬೂಸ್ಟು ಬೇರೆ. ಬುಕ್ ಮಾಡಿದ ದಿನವೇ ಎರಡು ಜೆರಾಕ್ಸ್, ಒಂದು ಸ್ಕ್ಯಾನ್. ಮೂಲ ರಸೀದಿ ಮಾಸಿದರೂ ಎಸೆಯಬೇಡಿ, ಜೆರಾಕ್ಸ್ ಜೊತೆಗೇ ಇರಲಿ. ಲ್ಯಾಮಿನೇಷನ್ ಮಾಡಿಸುವ ಯೋಚನೆ ಬಂದರೆ ಬೇಡ, ಆ ಮೆಷಿನ್ನಿನ ಬಿಸಿಗೆ ರಸೀದಿ ಪೂರ್ತಿ ಕಪ್ಪಾಗುತ್ತದೆ.